ಬೆನ್ನು ತಿರುಗಿಸಿ ಹಂಚಿದ ಪಾಲು

ನಿನ್ನೆ ಮಾಡಿದ ಬಾಡಿನ ಸಾರು ಬೆಳಗಾಗುವಷ್ಟರಲ್ಲಿ ತಣ್ಣಗಾಗಿ, ಅದರ ಮೇಲೆ ಬಿಳಿಯ ಕೊಬ್ಬಿನ ಪದರವೊಂದು ಕಟ್ಟಿಕೊಂಡಿರುವುದನ್ನು ನೀವೂ ನೋಡಿರುತ್ತೀರಿ. ಶಾಕಾಹಾರಿಗಳಾಗಿದ್ದರೆ ದಯವಿಟ್ಟು ಊಹಿಸಿಕೊಳ್ಳಿ. ಮುಚ್ಚಳ ತೆಗೆದರೆ ಸಾರು ಕಾಣುವುದೇ ಇಲ್ಲ, ಸುಣ್ಣ ಬಳಿದ ಗೋಡೆಯನ್ನು ಯಾರೋ ಪಾತ್ರೆಯೊಳಗೆ ಮಲಗಿಸಿ ಹೋದ ಹಾಗಿರುತ್ತದೆ. ಚಮಚದ ತುದಿಯಿಂದ ಒತ್ತಿದರೆ ಅದು ಒಂದು ಕ್ಷಣ ತಡೆಯುತ್ತದೆ, ಆಮೇಲೆ ಬಿರುಕು ಬಿಟ್ಟು ಕೆಳಗಿನ ಖಾರದ ಬಣ್ಣವನ್ನು ಮೇಲಕ್ಕೆ ಬಿಡುತ್ತದೆ. ಆ ಪದರವನ್ನು ಚೂರುಚೂರಾಗಿ ಎತ್ತಿ ತೆಗೆಯುವುದು ಈಚೆಗೆ ನಮ್ಮ ಮನೆಯಲ್ಲಿ ನನ್ನ ಕೆಲಸ. ಮೂವತ್ತು ವರ್ಷ ಸರ್ಕಾರಿ ಕಾಲೇಜುಗಳಲ್ಲಿ ಇತಿಹಾಸ ಬೋಧಿಸಿದವನಿಗೆ ನಿವೃತ್ತಿಯ ನಂತರ ದೊರೆತ ಏಕೈಕ ಜವಾಬ್ದಾರಿಯ ಹುದ್ದೆ ಇದು ಎಂದು ನನ್ನ ಹೆಂಡತಿ ನಾಗರತ್ನ ಬಂದವರಿಗೆಲ್ಲ ಹೇಳುತ್ತಾಳೆ.

ಎರಡು ವರ್ಷಗಳ ಹಿಂದೆ ನಾನು ಈ ಪದರವನ್ನು ತೆಗೆಯುತ್ತಿರಲಿಲ್ಲ. ಹುಡುಕಿ ನನ್ನ ತಟ್ಟೆಗೆ ಬಡಿಸಿಕೊಳ್ಳುತ್ತಿದ್ದೆ. ಅದು ಹೇಗಾಯಿತೆಂಬುದನ್ನು ಹೇಳಿದರೆ ನನ್ನ ವಿದ್ವತ್ತಿನ ಬಗ್ಗೆ ನಿಮಗಿರಬಹುದಾದ ಗೌರವ ಕರಗಿಹೋಗುತ್ತದೆ, ಆದರೂ ಹೇಳುತ್ತೇನೆ.

ಸಕ್ಕರೆ ಕಾಯಿಲೆ ನನಗೆ ಬೀಳ್ಕೊಡುಗೆಯ ಶಾಲು, ಹಣ್ಣಿನ ಬುಟ್ಟಿಗಳ ಜೊತೆಗೇ ಬಂತು. ವೈದ್ಯರು ಮಾತ್ರೆ ಬರೆದುಕೊಟ್ಟು ನಡೆಯಲು ಹೇಳಿದರು. ಹುಣಸೂರಿನ ಬೆಳಗಿನಲ್ಲಿ ಲಕ್ಷ್ಮಣತೀರ್ಥದ ಸೇತುವೆಯವರೆಗೆ ಹೋಗಿ ಬರುವ ನಡಿಗೆಯ ಗೆಳೆಯರಲ್ಲೊಬ್ಬರು ಒಂದು ದಿನ ಫೋನಿನಲ್ಲಿ ಇಪ್ಪತ್ತು ನಿಮಿಷದ ಒಂದು ಉಪನ್ಯಾಸವನ್ನು ತೋರಿಸಿದರು. ಪಿಷ್ಟವೇ ಶತ್ರು, ಮುದ್ದೆ, ಅನ್ನ, ಚಪಾತಿಗಳನ್ನು ಬಿಟ್ಟರೆ ಸಕ್ಕರೆ ತಾನಾಗಿ ಇಳಿಯುತ್ತದೆ, ಕೊಬ್ಬನ್ನು ಎಷ್ಟು ತಿಂದರೂ ಭಯವಿಲ್ಲ ಎನ್ನುವುದು ಅದರ ಸಾರಾಂಶ. ‘ಆಧಾರವೇನು, ಯಾರು ಬರೆದದ್ದು, ಯಾಕಾಗಿ ಬರೆದದ್ದು’ ಎಂದು ಶಾಸನಗಳನ್ನೂ ಸಂಶಯದಿಂದ ನೋಡಬೇಕೆಂದು ಮಕ್ಕಳಿಗೆ ಕಲಿಸಿದ ನಾನು, ಆ ಇಪ್ಪತ್ತು ನಿಮಿಷಗಳನ್ನು ಒಂದು ಪ್ರಶ್ನೆಯೂ ಇಲ್ಲದೆ ನುಂಗಿದೆ. ನನಗೆ ಪ್ರಿಯವಾದದ್ದನ್ನೇ ತಿನ್ನಲು ಹೇಳುವ ಆಧಾರವನ್ನು ಯಾರು ತಾನೇ ಪರೀಕ್ಷಿಸುತ್ತಾರೆ?

ಮುದ್ದೆ ಹೋಯಿತು, ಅನ್ನವೂ ಹೋಯಿತು. ನಾಗರತ್ನ ಕೆ.ಆರ್. ನಗರದ ಕಡೆಯವಳು, ನಾಲೆ ನೀರಿನ ಗದ್ದೆಯ ಅನ್ನ ಉಂಡು ಬೆಳೆದವಳು. “ನಮ್ ಕಡೆ ಅನ್ನ ಬಿಟ್ಟೋರ್ನ ಆಸ್ಪತ್ರೆಗೆ ಸೇರಿಸ್ತಾರೆ ಕಣ್ರೀ” ಎಂದಳು. ನಾನು ಕೇಳಲಿಲ್ಲ. ಬೆಳಗ್ಗೆ ತುಪ್ಪದಲ್ಲಿ ಬೇಯಿಸಿದ ನಾಲ್ಕು ಮೊಟ್ಟೆ, ಹನ್ನೊಂದಕ್ಕೆ ಕೊಬ್ಬರಿ, ಮಧ್ಯಾಹ್ನ ಪಲ್ಯವಿಲ್ಲದ ಬಾಡು, ಸಂಜೆ ಅಂಗೈ ಹಿಡಿಯದಷ್ಟು ಕಡಲೆಕಾಯಿ. ಒಮ್ಮೆ ಪಿರಿಯಾಪಟ್ಟಣದಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ಮನೆಗೆ ಹೋಗಿದ್ದವನು ಹಾಗೆಯೇ ಟಿಬೆಟಿಯನ್ನರ ಶಿಬಿರದ ಬಳಿಯ ಕೊಪ್ಪದವರೆಗೆ ಹೋಗಿ, ಅಲ್ಲಿನ ಟಿಬೆಟಿಯನ್ ಅಂಗಡಿಯಲ್ಲಿ ಮೊಮೊ ತರಿಸಿಕೊಂಡು, ಒಂದೊಂದರ ಹಿಟ್ಟಿನ ಹೊದಿಕೆಯನ್ನೂ ಬಿಚ್ಚಿ ಒಳಗಿನ ಕೊಚ್ಚಿದ ಬಾಡನ್ನಷ್ಟೇ ತಿಂದೆ. ತಟ್ಟೆಯ ತುಂಬ ಬಿದ್ದಿದ್ದ ಹೊದಿಕೆಗಳನ್ನು ಕಂಡ ಅಂಗಡಿಯಾಕೆ, ಮನೆಗೆ ಬಂದ ಅತಿಥಿಗಳ ಅಂಗಿ ಕಳಚಿದವನನ್ನು ನೋಡುವಂತೆ ನನ್ನನ್ನು ನೋಡಿದಳು.

ಆದರೆ ಸಕ್ಕರೆ ಇಳಿಯಿತು. ಇದನ್ನು ಪ್ರಾಮಾಣಿಕವಾಗಿ ದಾಖಲಿಸಬೇಕು. ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆಯಲ್ಲಿ ನನ್ನ ಅಂಕ ನೋಡಿ ಪ್ರಯೋಗಶಾಲೆಯವರೇ ಹೊಗಳಿದರು. ಹೊಟ್ಟೆ ಕರಗಿತು, ಬೆಲ್ಟಿಗೆ ನಾಗರತ್ನ ಮೊಳೆ ಹೊಡೆದು ಹೊಸ ತೂತು ಮಾಡಿದಳು. ಮತ್ತು ನಾನು ಪ್ರವಾದಿಯಾದೆ. ಮೂವತ್ತು ವರ್ಷ ತರಗತಿ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿಯೂ ಬಂದು ಸಂದೇಹ ಕೇಳಿರಲಿಲ್ಲ, ಈಗ ಮದುವೆ ಮನೆಯಲ್ಲಿ, ಬಸ್ ನಿಲ್ದಾಣದಲ್ಲಿ, ಕ್ಷೌರದಂಗಡಿಯಲ್ಲಿ ಜನ ನನ್ನನ್ನು ನಿಲ್ಲಿಸಿ ಕೇಳುತ್ತಿದ್ದರು. ಆ ಸುಖವನ್ನು ಅನುಭವಿಸಿದವನಿಗೇ ಗೊತ್ತು. ಅದರ ಮುಂದೆ ತುಪ್ಪದ ರುಚಿ ಏನೂ ಅಲ್ಲ.

ಇಲ್ಲಿ ನನ್ನ ಭಾವನನ್ನು ಕರೆತರಬೇಕು. ನನ್ನ ಅಕ್ಕನನ್ನು ಎಚ್.ಡಿ. ಕೋಟೆ ತಾಲ್ಲೂಕಿನ ಹಂಪಾಪುರಕ್ಕೆ ಕೊಟ್ಟಿದೆ. ಭಾವ ಪುಟ್ಟೇಗೌಡರು ನನಗಿಂತ ಹತ್ತು ವರ್ಷ ದೊಡ್ಡವರು. ರಾಗಿ, ಹತ್ತಿ, ಒಂದಿಷ್ಟು ಹೊಗೆಸೊಪ್ಪು ಬೆಳೆಯುತ್ತಿದ್ದರು. ನಾನು ಮೈಸೂರಿಗೆ ಓದಲು ಹೊರಟಾಗ ನಮ್ಮ ತಂದೆ ತೀರಿಕೊಂಡಿದ್ದರು. ತಗಡಿನ ಟ್ರಂಕನ್ನು ಹೆಗಲ ಮೇಲಿಟ್ಟುಕೊಂಡು ಹಾಸ್ಟೆಲಿನ ಬಾಗಿಲವರೆಗೆ ಬಂದು ಬಿಟ್ಟವರು ಈ ಭಾವ. ಅಂದಿನಿಂದ ಅವರು ನನ್ನನ್ನು ಹೆಸರು ಹಿಡಿದು ಕರೆದದ್ದಿಲ್ಲ. ಕೆಲಸ ಸಿಗುವುದಕ್ಕೆ ಎಷ್ಟೋ ಮುಂಚೆಯೇ ನಾನು ಅವರಿಗೆ ‘ಮೇಷ್ಟ್ರು’. ನಾನು ಹೇಳಿದ್ದು ಸುಳ್ಳಾಗಿರಬಹುದೆಂಬ ಯೋಚನೆ ಅವರಿಗೆ ಎಂದೂ ಬಂದಿರಲಾರದು. ಬಂದಿದ್ದರೆ ಎಷ್ಟು ಚೆನ್ನಾಗಿತ್ತು. ಅವರಿಗೂ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇತ್ತು. ಅದರ ಜೊತೆಗೆ ಕೊಲೆಸ್ಟ್ರಾಲಿಗೆಂದು ಕೋಟೆಯ ಡಾಕ್ಟರು ಬರೆದಿದ್ದ ಒಂದು ಮಾತ್ರೆಯನ್ನು ಊಟವಾದ ಮೇಲೆ ತಪ್ಪದೆ ನುಂಗುತ್ತಿದ್ದರು.

ಹಂಪಾಪುರದಲ್ಲಿ ಅವರ ಬೀದಿಯವರು ಆಗಾಗ ಗುಡ್ಡೆ ಬಾಡು ಹಾಕುತ್ತಾರೆ. ಹತ್ತು ಹನ್ನೆರಡು ಮನೆಯವರು ಸೇರಿ ಒಂದು ಮರಿ ಕಡಿದು, ಬಾಳೆ ಎಲೆಗಳ ಮೇಲೆ ಮನೆಗೊಂದರಂತೆ ಗುಡ್ಡೆ ಮಾಡಿ ಹಂಚಿಕೊಳ್ಳುವ ಪದ್ಧತಿ ಇದು. ಪ್ರತಿ ಗುಡ್ಡೆಗೂ ಒಂದು ಚೂರು ಈಲಿ ಎನ್ನುವ ಯಕೃತ್ತು, ಒಂದಿಷ್ಟು ಮೂಳೆ, ಒಂದು ಹಿಡಿ ಬೋಟಿ, ಕೊಬ್ಬಿನದೊಂದು ತುಂಡು ಬೀಳಲೇಬೇಕು. ಕಣ್ಣಳತೆಯಲ್ಲಿ ಎಲ್ಲವೂ ಸಮ. ಆದರೂ ಮನುಷ್ಯನ ಕಣ್ಣು ತಾನೇ, ಪಕ್ಕದ ಗುಡ್ಡೆ ಯಾವಾಗಲೂ ಒಂದು ತೊಲ ಹೆಚ್ಚು ಕಾಣುತ್ತದೆ. ಅದಕ್ಕಾಗಿ ಒಬ್ಬರು ಗುಡ್ಡೆಗಳಿಗೆ ಬೆನ್ನು ತಿರುಗಿಸಿ ಗೋಡೆ ನೋಡುತ್ತ ನಿಲ್ಲಬೇಕು. ಮರಿ ಕಡಿದ ಸಿದ್ದಣ್ಣ ಚೂರಿಯ ತುದಿಯಿಂದ ಒಂದು ಗುಡ್ಡೆ ತೋರಿಸಿ “ಇದ್ಯಾರ್ದು?” ಎನ್ನುತ್ತಾನೆ. ಬೆನ್ನು ತಿರುಗಿಸಿದವರು ಒಂದು ಹೆಸರು ಕೂಗುತ್ತಾರೆ. ಆ ಗುಡ್ಡೆ ಆ ಮನೆಗೆ ಹೋಯಿತು, ಇನ್ನು ತಕರಾರಿಲ್ಲ. ಆ ಬೀದಿಯಲ್ಲಿ ಬೆನ್ನು ತಿರುಗಿಸುವವರು ಯಾವಾಗಲೂ ನಮ್ಮ ಭಾವ. ಅವರದೊಂದು ರೀತಿ ಇತ್ತು: ತಮ್ಮ ಮನೆಯ ಹೆಸರನ್ನು ಎಲ್ಲರಿಗಿಂತ ಕೊನೆಗೆ ಕೂಗುವುದು. ಎಂದರೆ, ಉಳಿದದ್ದು ತಮಗೆ.

ಅಂಥದೊಂದು ಭಾನುವಾರ ನಾನೂ ಅಲ್ಲಿದ್ದೆ. ಊಟಕ್ಕೆ ಕುಳಿತಾಗ ಅಕ್ಕ ಹಾಕಿದ ಮುದ್ದೆಯನ್ನು ಎತ್ತಿ ಪಕ್ಕಕ್ಕಿಟ್ಟೆ.

“ಏನ್ಲಾ ಮೇಷ್ಟ್ರೆ, ಮುದ್ದೆ ಮ್ಯಾಲೆ ಕ್ವಾಪವಾ?” ಎಂದರು ಭಾವ.

“ಅವನಿಗೇನ್ ಬಂದದೆ ಧಾಡಿ? ಮುದ್ದೆ ಇಲ್ದೆ ಎಂಗೆ ಒಟ್ಟೆ ತುಂಬ್ತದೆ? ಸುಮ್ಕೆ ಉಣ್ಣು” ಎಂದಳು ಅಕ್ಕ.

ನಾನು ಕೈ ಒಣಗುವವರೆಗೂ ಉಪನ್ಯಾಸ ಕೊಟ್ಟೆ. ಭಾವ ಮೂಳೆ ಚೀಪುವುದನ್ನೂ ಬಿಟ್ಟು ಕೇಳಿದರು. ಕೊನೆಗೆ, “ಅಂಗಾರೆ ಕೊಬ್ಬಿಂದ ಏನೂ ಆಗಕಿಲ್ಲ ಅಂತೀಯ. ಮತ್ತೆ ನಂಗೆ ಕ್ವಾಟೆ ಡಾಕ್ಟ್ರು ಕೊಬ್ಬಿಗೆ ಅಂತ ಮಾತ್ರೆ ಕೊಟ್ಟವ್ರಲ್ಲ, ಅದ್ಯಾಕೆ?” ಎಂದರು.

ನಾನು ಏನು ಉತ್ತರಿಸಿದೆ? ‘ಅದನ್ನ ಡಾಕ್ಟರನ್ನೇ ಕೇಳಿ ಬಾವ’ ಎಂದೆನೆಂದು ನನಗೆ ಸ್ಪಷ್ಟವಾಗಿ ನೆನಪಿದೆ. ಎಷ್ಟು ಸ್ಪಷ್ಟವಾಗಿ ಎಂದರೆ, ಆ ಮಾತಾಡುವಾಗ ನಾನು ನೀರಿನ ಲೋಟಕ್ಕೆ ಕೈ ಚಾಚಿದ್ದು, ಅಕ್ಕ ಒಳಗೆ ಹೋಗಿದ್ದು ಎಲ್ಲವೂ ಕಣ್ಣಿಗೆ ಕಟ್ಟಿದೆ. ನನಗೆ ಸಂಶಯ ಬರುವುದೇ ಈ ಸ್ಪಷ್ಟತೆಯಿಂದ. ಅದೇ ದಿನದ ಮಿಕ್ಕ ಯಾವ ಮಾತೂ ನನಗೆ ಹೀಗೆ ನೆನಪಿಲ್ಲ. ನಿಜವಾದ ನೆನಪಿಗೆ ಅಂಚು ಸವೆದಿರುತ್ತದೆ. ಬೇಕೆಂದು ಇಟ್ಟುಕೊಂಡ ನೆನಪು ಮಾತ್ರ ಇಷ್ಟು ನುಣ್ಣಗಿರುತ್ತದೆ.

ಭಾವ ಮುದ್ದೆ ಬಿಟ್ಟರು. ಆ ಕೊಬ್ಬಿನ ಮಾತ್ರೆಯನ್ನೂ ಬಿಟ್ಟರು. ಎರಡು ತಿಂಗಳಿಗೆ ಫೋನ್ ಮಾಡಿ, “ಸುಗರ್ ಇಳ್ದದೆ ಕಣ್ ಮೇಷ್ಟ್ರೆ! ಈಗ ಗುಡ್ಡೆ ಎರಡು ತಕತ್ತಿದ್ದೀನಿ, ಬೀದಿಯೋರೆಲ್ಲ ಹೊಟ್ಟೆ ಉರ್ಕತ್ತವ್ರೆ” ಎಂದು ನಕ್ಕರು. ನಾನೂ ನಕ್ಕೆ. ನನ್ನ ಪಂಥಕ್ಕೆ ಒಬ್ಬ ಹಿರಿಯ ಅನುಯಾಯಿ ಸಿಕ್ಕಿದ ಸಂತೋಷ ಅದು.

ಆಮೇಲಿನ ಋತುವಿನಲ್ಲಿ ನನ್ನ ರಕ್ತ ಪರೀಕ್ಷೆಯಾಯಿತು. ಈ ಸಲ ಹುಣಸೂರಿನಲ್ಲಿ ನನ್ನನ್ನು ನೋಡಿದ ಡಾಕ್ಟರು ನನ್ನ ವಿದ್ಯಾರ್ಥಿನಿಯಾಗಬಹುದಾದ ವಯಸ್ಸಿನ ಹೆಣ್ಣುಮಗಳು. ವರದಿಯ ಮೊದಲ ಪುಟ ನೋಡಿ ಮೆಚ್ಚಿದರು, ಎರಡನೆಯದನ್ನು ನೋಡಿ ಕನ್ನಡಕ ತೆಗೆದಿಟ್ಟರು. “ಸಕ್ಕರೆ ಚೆನ್ನಾಗಿದೆ ಸರ್. ಆದ್ರೆ ಕೆಟ್ಟ ಕೊಲೆಸ್ಟ್ರಾಲ್ ಇಷ್ಟು ಯಾಕೆ ಏರಿದೆ? ಏನು ತಿಂತಿದ್ದೀರಿ?” ನಾನು ಹೇಳಿದೆ. ಅವರು ಸಹನೆಯಿಂದ ಕೇಳಿ ಹೇಳಿದ್ದಿಷ್ಟು: ಮುದ್ದೆ ಅನ್ನ ಕಡಿಮೆ ಮಾಡಿದ್ದು ತಪ್ಪಲ್ಲ, ಆ ಖಾಲಿ ಜಾಗದಲ್ಲಿ ಯಾರನ್ನು ಕೂರಿಸಿದಿರಿ ಎನ್ನುವುದು ತಪ್ಪು. ತುಪ್ಪ, ಕೊಬ್ಬರಿ, ಬಾಡಿನ ಕೊಬ್ಬಿನ ಬದಲು ಸೊಪ್ಪು, ತರಕಾರಿ, ಅಳತೆಯಲ್ಲಿ ಕಾಳು, ಮೀನು, ಒಂದೇ ಹಿಡಿ ಕಡಲೆಕಾಯಿ ಇರಬಹುದಿತ್ತು. ಕೆಲವರ ಮೈಗೆ ಕೊಬ್ಬು ಒಗ್ಗುತ್ತದೆ, ಕೆಲವರಲ್ಲಿ ಹೀಗೆ ಏರಿಬಿಡುತ್ತದೆ. ಪರೀಕ್ಷೆ ಮಾಡಿಸದೆ ತಿಳಿಯುವುದಿಲ್ಲ. ಕೊನೆಗೆ ಕೊಲೆಸ್ಟ್ರಾಲಿಗೊಂದು ಮಾತ್ರೆ ಬರೆದುಕೊಟ್ಟು, ಸಕ್ಕರೆ ಕಾಯಿಲೆಯವರ ಹೃದಯಕ್ಕೆ ಇದು ಕಾವಲು ಎಂದರು. “ಇದನ್ನ ಮಾತ್ರ ನೀವಾಗಿ ನಿಲ್ಲಿಸಬೇಡಿ ಸರ್.”

ಆ ಮಾತ್ರೆಯ ಹೆಸರನ್ನು ಔಷಧಿ ಅಂಗಡಿಯಲ್ಲಿ ಓದಿದಾಗ, ಅಕ್ಕನ ಮನೆಯಲ್ಲಿ ಕಂಡಿದ್ದ ಪಟ್ಟಿಯ ಗುರುತು ಸಿಕ್ಕಿತು. ಭಾವ ಬಿಟ್ಟ ಮಾತ್ರೆಯೇ ಅದು.

ಮನೆಗೆ ತಂದು ಅದನ್ನು ಹಳೆಯ ಕನ್ನಡಕದ ಡಬ್ಬಿಯಲ್ಲಿಟ್ಟೆ. “ಇದೇನ್ರೀ, ಮಾತ್ರೆಗೂ ಕನ್ನಡಕ ಹಾಕ್ತೀರಾ?” ಎಂದು ನಾಗರತ್ನ ನಕ್ಕಳು. ಬಂದವರ ಕಣ್ಣಿಗೆ ಬೀಳದಿರಲೆಂದು ಇಟ್ಟೆ ಎಂದು ಅವಳಿಗೆ ಹೇಳಲಾಗಲಿಲ್ಲ. ಮೊಟ್ಟೆ ಎರಡಾಯಿತು, ತುಪ್ಪ ಅಡುಗೆಮನೆಯ ಮೇಲಿನ ಗೂಡಿಗೆ ಹೋಯಿತು, ಸೊಪ್ಪಿನ ಪಲ್ಯ ತಟ್ಟೆಯ ಅರ್ಧ ತುಂಬಿತು. ಎಲ್ಲವೂ ಸದ್ದಿಲ್ಲದೆ ಆಯಿತು. ಕ್ಷೌರದಂಗಡಿಯಲ್ಲಿ ಯಾರಾದರೂ ಕೇಳಿದರೆ ಮೊದಲಿನ ಉತ್ಸಾಹವಿಲ್ಲದಿದ್ದರೂ ಮೊದಲಿನ ಮಾತುಗಳನ್ನೇ ಆಡಿ ಎದ್ದುಬರುತ್ತಿದ್ದೆ. ಪೀಠದಿಂದ ಇಳಿಯುವುದಕ್ಕೆ ಮೆಟ್ಟಿಲು ಇದ್ದೇ ಇರುತ್ತದೆ. ಇಳಿಯುವಾಗ ಜನ ನೋಡುತ್ತಾರಲ್ಲ ಎನ್ನುವುದೇ ಕಷ್ಟ.

ಭಾವನಿಗೆ ಹೇಳಬೇಕಿತ್ತು. ಇಂಥ ವಿಷಯ ಫೋನಿನಲ್ಲಿ ಬೇಡ, ಎದುರಿಗೇ ಹೇಳೋಣ ಅಂದುಕೊಂಡೆ. ಹುಣಸೂರಿನಿಂದ ಹಂಪಾಪುರ ಎಷ್ಟು ದೂರ? ಕೋಟೆಯಲ್ಲಿ ಬಸ್ಸು ಬದಲಾಯಿಸಿದರೂ ಅರ್ಧ ದಿನದ ಮಾತು. ಮೊದಲು ಅವರಿಗೆ ಹೊಗೆಸೊಪ್ಪನ್ನು ಬಿಸಿಗೂಡಿನಲ್ಲಿ ಬೇಯಿಸಿ ಒಣಗಿಸುವ ಕಾಲ, ಆಮೇಲೆ ನನಗೆ ನೆಗಡಿ, ಆಮೇಲೆ ನಾಗರತ್ನಳ ತಂಗಿಯ ಮಗಳ ಮದುವೆ. ಸಬೂಬುಗಳು ಎಷ್ಟು ಸಾಲಾಗಿ, ಎಷ್ಟು ಶಿಸ್ತಿನಿಂದ ಬಂದು ನಿಲ್ಲುತ್ತವೆ!

ರಾಗಿ ಕುಯ್ಲಿನ ಕಾಲದಲ್ಲಿ ಒಂದು ಮಧ್ಯಾಹ್ನ ಅಕ್ಕ ಫೋನ್ ಮಾಡಿದಳು. ಮೆದೆ ಒಟ್ಟುತ್ತಿದ್ದ ಭಾವ ಎದೆ ಹಿಡಿದುಕೊಂಡು ಅದಕ್ಕೇ ಒರಗಿ ಕುಳಿತರಂತೆ. ಗ್ಯಾಸು ಇರಬೇಕೆಂದು ಸೋಡಾ ಕುಡಿಸಿ ಎರಡು ಗಂಟೆ ಕಾದರಂತೆ. ಕೋಟೆಗೆ, ಅಲ್ಲಿಂದ ಮೈಸೂರಿಗೆ. ನಾನು ಆಸ್ಪತ್ರೆ ತಲುಪುವಷ್ಟರಲ್ಲಿ ರಕ್ತನಾಳಕ್ಕೆ ಸ್ಟೆಂಟು ಹಾಕಿಯಾಗಿತ್ತು. ಉಳಿದರು. ಹೃದಯದ ಒಂದು ಭಾಗ ಉಳಿಯಲಿಲ್ಲ.

ಮಾರನೆಯ ದಿನ ವಾರ್ಡಿಗೆ ಬಂದ ಡಾಕ್ಟರು ಹಳೆಯ ಚೀಟಿಗಳನ್ನು ತಿರುವಿ, “ಈ ಕೊಲೆಸ್ಟ್ರಾಲ್ ಮಾತ್ರೆ ಯಾವಾಗ ನಿಲ್ಲಿಸಿದ್ರಿ? ಯಾರು ಹೇಳಿದ್ರು ನಿಲ್ಲಿಸೋಕೆ?” ಎಂದು ಗದರಿದರು. ನಾನು ಮಂಚದ ಕಾಲ ಬಳಿ ಫ್ಲಾಸ್ಕ್ ಹಿಡಿದು ನಿಂತಿದ್ದೆ. ಭಾವ ನನ್ನತ್ತ ನೋಡಲಿಲ್ಲ. ನಿಧಾನವಾಗಿ ಮಗ್ಗುಲಾಗಿ, ಗೋಡೆಯ ಕಡೆಗೆ ಮುಖ ತಿರುಗಿಸಿ ಹೇಳಿದರು: “ನಂದೇ ಸಾ. ನಾನೇ ಬುಟ್ಟೆ. ಯಾರೂ ಏಳಿಲ್ಲ.”

ತಮ್ಮ ಹೆಸರನ್ನು ಯಾವಾಗಲೂ ಕೊನೆಗೆ ಕೂಗುತ್ತಿದ್ದ ಮನುಷ್ಯ ಅಂದು ಮೊದಲೇ ಕೂಗಿಬಿಟ್ಟಿದ್ದರು. ನಾನು ‘ಅಲ್ಲ’ ಎನ್ನಬಹುದಿತ್ತು. ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಅವರಿಗೆ ಕಾಫಿ ಬಗ್ಗಿಸಿದೆ.

ಮನೆಗೆ ಬಂದು ದಿನಚರಿ ತೆಗೆದೆ. ಕಾಲೇಜಿಗೆ ಸೇರಿದ ವರ್ಷದಿಂದಲೂ ಬರೆಯುತ್ತಿದ್ದೇನೆ. ನೆನಪನ್ನು ನಂಬಬೇಡಿ, ಅಂದೇ ಬರೆದಿಟ್ಟದ್ದನ್ನು ನಂಬಿ ಎನ್ನುವುದು ತರಗತಿಯಲ್ಲಿ ನನ್ನ ಮಂತ್ರವಾಗಿತ್ತು. ಆ ಭಾನುವಾರದ ಪುಟದಲ್ಲಿ ಹೀಗಿತ್ತು: ‘ಹಂಪಾಪುರ. ಗುಡ್ಡೆ ಬಾಡು. ಭಾವ ಮಾತ್ರೆ ವಿಚಾರ ಕೇಳಿದರು. ಹೇಳಿದೆ.’ ಅಷ್ಟೇ. ಏನು ಹೇಳಿದೆನೆಂದು ಬರೆದಿಲ್ಲ. ಡಾಕ್ಟರನ್ನು ಕೇಳಿ ಎಂದಿದ್ದರೆ ಹೀಗೆ ಬರೆಯುತ್ತಿದ್ದೆನೇ? ಗೆದ್ದವನು ಬರೆಯುವ ಶೈಲಿಯಲ್ಲವೇ ಇದು? ಆದರೂ ಈ ಪುಟದಿಂದ ನನ್ನನ್ನು ಶಿಕ್ಷಿಸುವುದಾಗಲಿ ಬಿಡುವುದಾಗಲಿ ಸಾಧ್ಯವಿಲ್ಲ ಎಂದುಕೊಂಡು, ಒಂದು ಬಗೆಯ ನಿರಾಳದಲ್ಲಿ ಪುಟ ಮಗುಚುತ್ತ ಹೋದೆ. ಹೋಗಬಾರದಿತ್ತು. ನಾನು ಮಾತ್ರೆ ಆರಂಭಿಸಿದ ದಿನದ ಪುಟದ ಕೆಳಗೆ ನನ್ನದೇ ಅಕ್ಷರದಲ್ಲಿ ‘ಭಾವನಿಗೆ ಹೇಳಬೇಕು’ ಎಂದಿತ್ತು. ಎರಡು ದಿನ ಬಿಟ್ಟು ಮತ್ತೆ ‘ಭಾವನಿಗೆ ಹೇಳಬೇಕು.’ ಮುಂದಿನ ವಾರ ‘ಭಾವನಿಗೆ’ ಎಂದಷ್ಟೇ. ಆಮೇಲೆ ಇಲ್ಲ. ಆಮೇಲಿನ ಪುಟಗಳಲ್ಲಿ ಮದುವೆಯ ಊಟ, ನೆಗಡಿ, ಸೇತುವೆಯವರೆಗಿನ ನಡಿಗೆ. ಯಾವ ವಿಮರ್ಶಕನಿಗೂ ಸಂಶಯ ಬರದಂಥ ಆಧಾರ.

ಮಾತ್ರೆ ತೆಗೆದುಕೊಂಡಿದ್ದರೆ ಹೀಗಾಗುತ್ತಿರಲಿಲ್ಲವೆಂದು ಯಾರೂ ಹೇಳಲಾರರು ಎಂದು ಹುಣಸೂರಿನ ಡಾಕ್ಟರು ಸಮಾಧಾನ ಹೇಳಿದರು. ಎಷ್ಟೋ ವರ್ಷದ ಸಕ್ಕರೆ, ಅದರ ಮೇಲೆ ಭಾವ ಸೇದುತ್ತಿದ್ದ ಬೀಡಿ. ಇರಬಹುದು. ಆ ಸಮಾಧಾನ ನನಗೆ ಅನುಕೂಲವಾಗಿರುವುದರಿಂದಲೇ ಅದನ್ನು ದೂರದಲ್ಲಿಟ್ಟು ನೋಡುತ್ತೇನೆ. ಅನುಕೂಲದ ಮಾತನ್ನು ಒಮ್ಮೆ ಇಪ್ಪತ್ತು ನಿಮಿಷದಲ್ಲಿ ನಂಬಿದವನು ನಾನು.

ಈಗ ಭಾವ ಹೊಲಕ್ಕೆ ಹೋಗುವುದಿಲ್ಲ. ಬೆಳೆಯಲ್ಲಿ ಪಾಲು ಕೊಡುವ ಕರಾರಿನ ಮೇಲೆ ಹೊಲ ಬೇರೆಯವರಿಗೆ ವಾರಕ್ಕೆ ಹೋಗಿದೆ. ಹಿತ್ತಲಿನಿಂದ ಜಗಲಿಗೆ ಬರುವಷ್ಟರಲ್ಲಿ ಒಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ಮೊನ್ನೆ ಭಾನುವಾರ ಗುಡ್ಡೆ ಬಾಡು ಎಂದು ಅಕ್ಕ ಹೇಳಿ ಕಳಿಸಿದಳು. ಹೋದೆ. ಸಿದ್ದಣ್ಣ ಎಲೆ ಹಾಸುತ್ತಿದ್ದ. ಭಾವ ಜಗಲಿಯ ಮೇಲೆ ಕಂಬಕ್ಕೊರಗಿ ಕುಳಿತಿದ್ದರು. ಪಕ್ಕದಲ್ಲಿ ಕುಳಿತು, ಎಲೆಗಳ ಕಡೆ ನೋಡುತ್ತಲೇ ಹೇಳಿದೆ: “ಬಾವ, ಆವತ್ತು ನಿಮಗೆ ಮಾತ್ರೆ ಬೇಡ ಅಂದವನು ನಾನೇ ಇರಬೇಕು. ಅದು ನನಗೆ ನೆನಪಿಲ್ಲ. ಆದ್ರೆ ಆಮೇಲೆ ನಾನೇ ಆ ಮಾತ್ರೆ ತಗೊಳ್ಳೋಕೆ ಶುರು ಮಾಡಿದೆ. ನಿಮಗೆ ಹೇಳಲಿಲ್ಲ. ಅದು ನೆನಪಿದೆ.”

ಭಾವ ಕಂಬ ಹಿಡಿದು ನೆಟ್ಟಗೆ ಕುಳಿತರು. ಆಮೇಲೆ, “ಗೊತ್ತು ಕಣ್ಲಾ” ಎಂದರು. “ರತ್ನ ನಿಮ್ಮಕ್ಕನ್ ಕೂಡೆ ಫೋನ್ನಲ್ಲಿ ಅಂದಿದ್ಲಂತೆ, ನಮ್ಮೋರೂ ಮಾತ್ರೆ ಸುರು ಮಾಡ್ಕಂಡವ್ರೆ ಅಂತ.”

“ಮತ್ತೆ ನೀವ್ಯಾಕೆ ತಗೊಳ್ಳಲಿಲ್ಲ ಬಾವ?”

“ಎಂಗಸ್ರು ಮಾತು, ಬ್ಯಾರೆ ಯಾವ್ದೋ ಮಾತ್ರೆ ಇದ್ದಾತು ಅನ್ಕಂಡೆ. ನಿಜ ಆಗಿದ್ರೆ ನಮ್ ಮೇಷ್ಟ್ರೇ ಏಳ್ತಾನೆ ಬುಡು ಅಂತ ಕಾದೆ.”

ಅದರಲ್ಲಿ ಆಕ್ಷೇಪಣೆಯ ಎಳೆಯೂ ಇರಲಿಲ್ಲ. ಇದ್ದಿದ್ದರೆ ಹಿಡಿದುಕೊಳ್ಳಲು ನನಗೊಂದು ಎಳೆಯಾದರೂ ಸಿಗುತ್ತಿತ್ತು.

ಅಷ್ಟರಲ್ಲಿ ಸಿದ್ದಣ್ಣ, “ಗೌಡ್ರೇ, ತಿರಿಕ್ಕಳಿ” ಎಂದು ಕೂಗಿದ. ಭಾವ ಕುಳಿತಲ್ಲೇ ಗೋಡೆಯ ಕಡೆಗೆ ತಿರುಗಿದರು. ಈಗ ಅಷ್ಟು ಹೊತ್ತು ನಿಲ್ಲಲಾರರು. ‘ಇದ್ಯಾರ್ದು?’ ‘ಮೇಗ್ಲು ಮನೇದು.’ ‘ಇದು?’ ‘ಕೆಂಪಮ್ಮುಂದು.’ ಒಂದೊಂದೇ ಎಲೆ ಎದ್ದುಹೋಯಿತು. ಕೊನೆಗೆ ಒಂದು ಗುಡ್ಡೆ ಉಳಿಯಿತು, ಅದು ಯಾರದೆಂದು ಕೇಳುವ ಅಗತ್ಯವಿರಲಿಲ್ಲ. ಸಿದ್ದಣ್ಣ ಚೂರಿ ಒರೆಸುತ್ತಿದ್ದಾಗ ಭಾವ ಗೋಡೆ ನೋಡುತ್ತಲೇ, “ಅದ್ರಾಗೆ ಅರ್ಧ ನಮ್ ಮೇಷ್ಟ್ರುದು ಕಣೋ. ಕಟ್ಟಿಕೊಡು” ಎಂದರು.

“ಇದೇನ್ ಗೌಡ್ರೇ, ಉಣಸೂರ್ನೋರೂ ನಮ್ ಬೀದಿ ಲೆಕ್ಕುಕ್ಕೆ ಬಂದ್ಬುಟ್ರಾ?” ಎಂದು ಸಿದ್ದಣ್ಣ ನಕ್ಕ. ಭಾವ ನಗಲಿಲ್ಲ, ತಿರುಗಲೂ ಇಲ್ಲ.

ಆ ಅರ್ಧ ಗುಡ್ಡೆಯನ್ನು ನಾಗರತ್ನ ನಿನ್ನೆ ಸೋರೆಕಾಯಿ ಹಾಕಿ ಸಾರು ಮಾಡಿದ್ದಳು. ಈ ಬೆಳಗ್ಗೆ ಮುಚ್ಚಳ ತೆಗೆದೆ. ಪದರ ಕಟ್ಟಿತ್ತು. ಚಮಚ ಒತ್ತುವ ಮೊದಲು ಹಂಪಾಪುರಕ್ಕೆ ಫೋನ್ ಮಾಡಿ, ನಿನ್ನೆಯ ಮಾತ್ರೆ ತೆಗೆದುಕೊಂಡಿರಾ ಎಂದು ಕೇಳಿದೆ. ಇತ್ತೀಚೆಗೆ ದಿನವೂ ಕೇಳುತ್ತೇನೆ. “ತಕಂಡೆ. ನೀನು?” ಎಂದರು. ತೆಗೆದುಕೊಂಡೆ ಎಂದೆ. “ಸಾರ್ ಮ್ಯಾಗಿಂದು ತಗುದ್ಯಾ?” ಎಂದರು. ತೆಗೆಯುತ್ತಿದ್ದೇನೆ ಎಂದೆ. ಫೋನಿಟ್ಟು ಚಮಚ ಒತ್ತಿದೆ. ಈ ಸಲ ಪದರ ತೆಳ್ಳಗಿತ್ತು, ಬೇಗ ಬಿರುಕು ಬಿಟ್ಟಿತು. ಅರ್ಧವೇ ಅಲ್ಲವೇ, ಮಿಕ್ಕ ಅರ್ಧ ಅವರ ಮನೆಯಲ್ಲಿದೆ.